ಊರಿನ ಕಾಗದಪತ್ರ, ಅಂಗಡಿಯ ಕಂಪ್ಯೂಟರ್

ಮುಂಗಾರಿನ ಬಿತ್ತನೆ ಮುಗಿಯುತ್ತಿದ್ದಂತೆ ಕುಂದಗೋಳದಲ್ಲಿ ಬೆಳೆವಿಮೆ ತುಂಬುವ ಗಡಿಬಿಡಿ ಶುರುವಾಗುತ್ತದೆ. ಉತಾರ, ಆಧಾರ್, ಪಾಸ್‌ಬುಕ್ಕಿನ ಮೊದಲ ಪುಟ ಹಿಡಿದು ಸಂಶಿ, ಗುಡಗೇರಿ, ಯರಗುಪ್ಪಿ ಕಡೆಯ ರೈತರು ಗ್ರಾಮ ಒನ್ ಕೇಂದ್ರಕ್ಕೋ ಜೆರಾಕ್ಸ್ ಅಂಗಡಿಗೋ ಬರುತ್ತಾರೆ. ಶಾಲೆ–ಕಾಲೇಜು ಶುರುವಾಗುವ ದಿನಗಳಲ್ಲಿ ಜಾತಿ–ಆದಾಯ ಪ್ರಮಾಣಪತ್ರ, ಅಂಕಪಟ್ಟಿ, ವಿದ್ಯಾರ್ಥಿವೇತನದ ಅರ್ಜಿಗಳ ಸರದಿ. ಕಾಗದ ಕೈಯಲ್ಲಿಲ್ಲದಿದ್ದರೆ ಹುಬ್ಬಳ್ಳಿಯಲ್ಲಿ ಓದುವ ಮಗನೋ ಬೆಂಗಳೂರಿನಲ್ಲಿರುವ ಅಳಿಯನೋ ಅದನ್ನು ಅಂಗಡಿಯ ಇಮೇಲ್‌ಗೆ ಕಳಿಸುತ್ತಾನೆ. ಅಂಗಡಿಯವರು ತೆರೆದು ಪ್ರಿಂಟ್ ಕೊಡುತ್ತಾರೆ.

2000ದ ಸುಮಾರಿಗೆ ‘ಭೂಮಿ’ ಯೋಜನೆ ಪಹಣಿಯನ್ನು ತಲಾಠಿಯ ದಫ್ತರದಿಂದ ಕಂಪ್ಯೂಟರಿಗೆ ತಂದಿತು. 2022ರಲ್ಲಿ ಆರಂಭವಾದ ಗ್ರಾಮ ಒನ್, ಸರ್ಕಾರಿ ಅರ್ಜಿಗಳನ್ನು ಊರಿನ ಬಾಗಿಲಿಗೇ ತಂದಿತು. ಇದರಿಂದ ಬಡವರ ಓಡಾಟ ಉಳಿದಿದೆ, ದುಡ್ಡು ಉಳಿದಿದೆ. ಆದರೆ ಈಗ ಊರಿನ ಅರ್ಧ ಮನೆಗಳ ಗುರುತಿನ ದಾಖಲೆಗಳ ಪ್ರತಿ ಯಾವುದೋ ಒಂದು ಅಂಗಡಿಯ ‘ಡೌನ್‌ಲೋಡ್ಸ್’ ಫೋಲ್ಡರಿನಲ್ಲಿ ಬಿದ್ದಿರುತ್ತದೆ. ಆ ಕಂಪ್ಯೂಟರಿಗೆ ವೈರಸ್ ಹೊಕ್ಕರೆ ನಷ್ಟ ಅಂಗಡಿಯವರೊಬ್ಬರದಲ್ಲ, ಇಡೀ ಊರಿನದು.

ಹಳೆಯ ಉಪದೇಶ ಇಲ್ಲಿ ಸಾಲದು

‘ಗೊತ್ತಿಲ್ಲದವರ ಇಮೇಲ್ ತೆರೆಯಬೇಡಿ’ ಎಂಬುದು ಎಲ್ಲರೂ ಹೇಳುವ ಮಾತು. ಗೊತ್ತಿಲ್ಲದವರ ಫೈಲ್ ತೆರೆಯುವುದೇ ಹೊಟ್ಟೆಪಾಡಾಗಿರುವ ಅಂಗಡಿಗೆ ಆ ಮಾತಿನಿಂದ ಏನೂ ಪ್ರಯೋಜನವಿಲ್ಲ. ಮೇಲಾಗಿ, ಗೊತ್ತಿದ್ದವರ ಹೆಸರಿನಲ್ಲಿಯೂ ವೈರಸ್ ಬರುತ್ತದೆ. 2000ದ ಮೇ 4ರಂದು ಫಿಲಿಪ್ಪೀನ್ಸ್‌ನಿಂದ ಹೊರಟ ‘ಐ ಲವ್ ಯು’ ವೈರಸ್ ಹೀಗೆಯೇ ಹಬ್ಬಿತು. ಪ್ರೇಮಪತ್ರವೆಂದು ಬಂದ ಅಟ್ಯಾಚ್‌ಮೆಂಟನ್ನು ತೆರೆದವರ ವಿಳಾಸಪಟ್ಟಿಯಲ್ಲಿದ್ದ ಎಲ್ಲರಿಗೂ ಅದು ತಾನೇ ಹೋಯಿತು. ಕಂಪ್ಯೂಟರಿನಲ್ಲಿದ್ದ ಫೋಟೊಗಳನ್ನು ಅಳಿಸಿ ತನ್ನನ್ನೇ ಅಲ್ಲಿ ಬರೆದಿಟ್ಟಿತು. ಬ್ರಿಟನ್ನಿನ ಸಂಸತ್ತು ಕೂಡ ತನ್ನ ಇಮೇಲ್ ವ್ಯವಸ್ಥೆಯನ್ನು ಸ್ವಲ್ಪ ಹೊತ್ತು ಮುಚ್ಚಬೇಕಾಯಿತು.

ಆ ಫೈಲಿನ ಹೆಸರಿನ ಕೊನೆಯಲ್ಲಿ ‘ಟಿಎಕ್ಸ್‌ಟಿ’ ಮತ್ತು ಅದರ ಮುಂದೆ ‘ವಿಬಿಎಸ್’ ಎಂಬ ಎರಡು ಬಾಲಗಳಿದ್ದವು. ವಿಂಡೋಸ್ ತನಗೆ ಪರಿಚಿತವಾದ ಕೊನೆಯ ಬಾಲವನ್ನು ತೋರಿಸದೆ ಮುಚ್ಚಿಡುವುದರಿಂದ, ಅಪಾಯದ ಪ್ರೋಗ್ರಾಂ ಸಾದಾ ಬರಹದಂತೆ ಕಂಡಿತು. ಇಷ್ಟು ವರ್ಷ ಕಳೆದರೂ ವಿಂಡೋಸಿನ ಆ ಪದ್ಧತಿ ಬದಲಾಗಿಲ್ಲ. ‘ಉತಾರ.ಪಿಡಿಎಫ್.ಇಎಕ್ಸ್‌ಇ’ ಎಂಬ ಫೈಲು ಇಂದಿಗೂ ‘ಉತಾರ.ಪಿಡಿಎಫ್’ ಎಂದೇ ಕಾಣಿಸಬಹುದು. ಫೈಲ್ ಎಕ್ಸ್‌ಪ್ಲೋರರ್‌ನ ‘ವ್ಯೂ’ ಪಟ್ಟಿಯಲ್ಲಿ ‘ಫೈಲ್ ನೇಮ್ ಎಕ್ಸ್‌ಟೆನ್ಷನ್ಸ್’ ಎಂಬಲ್ಲಿ ಗುರುತು ಹಾಕಿದರೆ ಪೂರ್ತಿ ಹೆಸರು ಕಾಣುತ್ತದೆ. ಇದಕ್ಕೆ ಒಂದು ನಿಮಿಷವೂ ಬೇಡ, ಒಂದು ಪೈಸೆಯೂ ಬೇಡ.

ಅಂಗಡಿಗೆ ಹೊಂದುವ ಕ್ರಮಗಳು

ಬಂದ ಫೈಲನ್ನು ಇಳಿಸಿಕೊಳ್ಳದೆಯೇ ಪ್ರಿಂಟ್ ಮಾಡಬಹುದು. ಜಿಮೇಲ್‌ನಲ್ಲಿ ಅಟ್ಯಾಚ್‌ಮೆಂಟ್ ಮೇಲೆ ಒತ್ತಿದರೆ ಅದು ಬ್ರೌಸರಿನಲ್ಲಿಯೇ ತೆರೆದುಕೊಳ್ಳುತ್ತದೆ. ಅಲ್ಲಿಂದಲೇ ಪ್ರಿಂಟ್ ಕೊಡಿ. ವರ್ಡ್ ಅಥವಾ ಎಕ್ಸೆಲ್ ಫೈಲ್ ‘ಎನೇಬಲ್ ಕಂಟೆಂಟ್’ ಒತ್ತಿ ಎಂದು ಕೇಳಿದರೆ ಒತ್ತಬೇಡಿ. ಅದರೊಳಗಿನ ಮ್ಯಾಕ್ರೊ ಎಂಬ ಸಣ್ಣ ಪ್ರೋಗ್ರಾಂ ಎದ್ದು ಕೂರುವುದು ಆ ಒಂದು ಒತ್ತಿನಿಂದಲೇ. ಮೇಲ್‌ನಲ್ಲಿಯೇ ಪಾಸ್‌ವರ್ಡ್ ಬರೆದು, ಬೀಗ ಹಾಕಿದ ಜಿಪ್ ಫೈಲ್ ಕಳಿಸಿದ್ದರೆ ಸಂಶಯಪಡಿ. ಬೀಗ ಹಾಕಿದ ಫೈಲಿನ ಒಳಗೆ ಏನಿದೆ ಎಂದು ಆ್ಯಂಟಿವೈರಸ್ ನೋಡಲಾರದು.

ಎರಡು ಕಂಪ್ಯೂಟರ್ ಇದ್ದರೆ ಗಿರಾಕಿಗಳ ಫೈಲು, ಪೆನ್‌ಡ್ರೈವ್ ಒಂದರಲ್ಲಿ. ಸರ್ಕಾರಿ ಲಾಗಿನ್, ಬ್ಯಾಂಕ್ ವ್ಯವಹಾರ ಇನ್ನೊಂದರಲ್ಲಿ ಇರಲಿ. ಒಂದೇ ಇದ್ದರೆ ದಿನದ ಕೆಲಸಕ್ಕೆ ‘ಅಡ್ಮಿನಿಸ್ಟ್ರೇಟರ್’ ಅಲ್ಲದ ಸಾಮಾನ್ಯ ಖಾತೆ ಬಳಸಿ. ಆಗ ಹೊಕ್ಕ ವೈರಸ್ಸಿಗೂ ಇಡೀ ಯಂತ್ರವನ್ನು ಕೆಡಿಸುವುದು ಕಷ್ಟವಾಗುತ್ತದೆ.

ಕದ್ದ ವಿಂಡೋಸ್, ‘ಕ್ರ್ಯಾಕ್’ ಮಾಡಿದ ಸಾಫ್ಟ್‌ವೇರ್ ಹಾಕಿಸಿಕೊಳ್ಳುವ ರೂಢಿ ಬಿಡಲೇಬೇಕು. ಅವುಗಳನ್ನು ಹಾಕುವವರು ಮೊದಲು ಮಾಡುವ ಕೆಲಸ ಆ್ಯಂಟಿವೈರಸ್ ಬಂದ್ ಮಾಡುವುದು. ವಿಂಡೋಸ್ ಜೊತೆಗೆ ಉಚಿತವಾಗಿ ಬರುವ ‘ಡಿಫೆಂಡರ್’ ಸದಾ ಎಚ್ಚರವಾಗಿದ್ದು, ಅಪ್‌ಡೇಟ್ ಆಗುತ್ತಿದ್ದರೆ ಸಣ್ಣ ಅಂಗಡಿಗೆ ಒಳ್ಳೆಯ ಕಾವಲು. ವಿಂಡೋಸ್ 7ಕ್ಕೆ 2020ರ ಜನವರಿಯಲ್ಲಿ, ವಿಂಡೋಸ್ 10ಕ್ಕೆ 2025ರ ಅಕ್ಟೋಬರ್ 14ರಂದು ಮೈಕ್ರೋಸಾಫ್ಟಿನ ಮಾಮೂಲಿ ಬೆಂಬಲ ಮುಗಿದಿದೆ ಎಂಬುದೂ ನೆನಪಿರಲಿ.

ಕಡತಗಳನ್ನೆಲ್ಲ ಗೂಢಲಿಪಿಗೆ ತಿರುಗಿಸಿ ಹಣ ಕೇಳುವ ರ‍್ಯಾನ್ಸಮ್‌ವೇರ್ ಬಂದರೆ, ಕಂಪ್ಯೂಟರಿಗೆ ಸಿಕ್ಕಿಸಿಟ್ಟ ಹಾರ್ಡ್‌ಡಿಸ್ಕನ್ನೂ ಅದು ಬಿಡುವುದಿಲ್ಲ. ಮುಂದಿನ ಬಿತ್ತನೆಗೆಂದು ರೈತ ಬೀಜ ಬೇರೆ ತೆಗೆದಿಡುವಂತೆ, ಮುಖ್ಯ ಕಡತಗಳ ಒಂದು ಪ್ರತಿ ಬೇರೆ ಡಿಸ್ಕಿನಲ್ಲಿರಲಿ. ಪ್ರತಿ ಮಾಡಿದ ಕೂಡಲೇ ಆ ಡಿಸ್ಕನ್ನು ಬಿಚ್ಚಿಡಿ. ಗಿರಾಕಿಯ ಕೆಲಸ ಮುಗಿದೊಡನೆ ಅವರ ಆಧಾರ್, ಪಾಸ್‌ಬುಕ್ ಪ್ರತಿಗಳನ್ನು ಅಳಿಸಿ, ರೀಸೈಕಲ್ ಬಿನ್ ಕೂಡ ಖಾಲಿ ಮಾಡಿ. ಇಲ್ಲದ ಕಾಗದವನ್ನು ಯಾರೂ ಕದಿಯಲಾರರು.

ವೈರಸ್ ಬಂದೇಬಿಟ್ಟರೆ

ಮೊದಲು ಇಂಟರ್ನೆಟ್ ಕಡಿದುಹಾಕಿ. ಬೇರೆ ಕಂಪ್ಯೂಟರಿನಿಂದ ಪಾಸ್‌ವರ್ಡ್‌ಗಳನ್ನು ಬದಲಾಯಿಸಿ. ಕೇಂದ್ರ ಸರ್ಕಾರದ ‘ಸರ್ಟ್–ಇನ್’ ಸಂಸ್ಥೆ 2017ರಿಂದ ನಡೆಸುತ್ತಿರುವ ‘ಸೈಬರ್ ಸ್ವಚ್ಛತಾ ಕೇಂದ್ರ’ದ ಜಾಲತಾಣದಲ್ಲಿ ವೈರಸ್ ತೆಗೆಯುವ ಸಾಧನಗಳು ಉಚಿತವಾಗಿ ಸಿಗುತ್ತವೆ. ಹಣ ಹೋಗಿದ್ದರೆ ತಡಮಾಡದೆ 1930ಕ್ಕೆ ಕರೆ ಮಾಡಿ, ರಾಷ್ಟ್ರೀಯ ಸೈಬರ್ ಅಪರಾಧ ಪೋರ್ಟಲ್‌ನಲ್ಲಿ ದೂರು ದಾಖಲಿಸಿ. ಅಪ್ರಾಮಾಣಿಕ ಉದ್ದೇಶದಿಂದ ಇನ್ನೊಬ್ಬರ ಕಂಪ್ಯೂಟರಿಗೆ ವೈರಸ್ ಹೊಗಿಸುವುದು ಮಾಹಿತಿ ತಂತ್ರಜ್ಞಾನ ಕಾಯ್ದೆಯ ಪ್ರಕಾರ 3 ವರ್ಷದವರೆಗೆ ಜೈಲು, 5 ಲಕ್ಷ ರೂಪಾಯಿವರೆಗೆ ದಂಡಕ್ಕೆ ಗುರಿಯಾಗುವ ಅಪರಾಧ. ‘ನನ್ನ ತಪ್ಪಿನಿಂದಾಯಿತು’ ಎಂದು ಮುಚ್ಚಿಡಬೇಡಿ.

ಜವಾಬ್ದಾರಿ ಅಂಗಡಿಯವರ ಮೇಲಷ್ಟೇ ಇಲ್ಲ. ಅಂಗಡಿಗೆ ಕಾಗದ ಕಳಿಸುವವರು ಪಿಡಿಎಫ್ ಅಥವಾ ಫೋಟೊ ಮಾತ್ರ ಕಳಿಸಿ. ಯಾವ ಕಾಗದ ಬರುತ್ತದೆಂದು ಫೋನಿನಲ್ಲಿ ಮೊದಲೇ ತಿಳಿಸಿ. ಪ್ರಿಂಟ್ ಸಿಕ್ಕ ಮೇಲೆ ‘ನನ್ನ ಫೈಲ್ ಅಳಿಸ್ರಿ’ ಎಂದು ಸಂಕೋಚವಿಲ್ಲದೆ ಕೇಳಿ, ಅಳಿಸಿದ್ದನ್ನು ನೋಡಿಯೇ ಅಂಗಡಿಯಿಂದ ಹೊರಡಿ. ಅದು ನಿಮ್ಮ ಹಕ್ಕು.