ಗುರುತಿದ್ದವರೇ ಗುರುತು ಸಿಗದವರಾದಾಗ

ಕೋಲದ ರಾತ್ರಿ, ಚಪ್ಪರದ ಮೂಲೆಯಲ್ಲಿ ಕೂತು ದೈವ ಕಟ್ಟುವವರು ಬಣ್ಣ ಹಾಕಿಕೊಳ್ಳುತ್ತಿದ್ದರು. ಕೈಯಲ್ಲಿ ಪುಟ್ಟ ಕನ್ನಡಿ, ಎದುರಿಗೆ ಅರದಾಳ ಕಲಸಿದ ಗೆರಟೆ. ಪಕ್ಕದಲ್ಲಿ ಅವರ ತಾಯಿ ತೆಂಬರೆ ಬಡಿಯುತ್ತ ದೈವದ ಕತೆಯ ಪಾಡ್ದನ ಹೇಳುತ್ತಿದ್ದರು. ಕನ್ನಡಿ ಹಿಡಿದವರು ನನ್ನನ್ನು ಕಂಡು ‘ಊಟ ಆಯಿತಾ?’ ಎಂದು ಕೇಳಿದರು. ಎರಡು ಗಂಟೆ ಕಳೆದು, ಕಾಲಿಗೆ ಗಗ್ಗರ ಕಟ್ಟಿ, ಬೆನ್ನಿಗೆ ಅಣಿ ಏರಿಸಿ ನಿಂತಾಗ ಅದೇ ಕಣ್ಣುಗಳು ನನ್ನ ಮೇಲೆ ಹಾದುಹೋದವು. ಪರಿಚಯದ ಒಂದೆಳೆಯೂ ಅವುಗಳಲ್ಲಿ ಉಳಿದಿರಲಿಲ್ಲ. ಮೈ ಜುಮ್ಮೆಂದಿತು.

ಈ ಜುಮ್ಮೆನ್ನುವಿಕೆಯ ಬಗ್ಗೆ ಸಿಗ್ಮಂಡ್ ಫ್ರಾಯ್ಡ್ 1919ರಲ್ಲಿ ಒಂದು ಪ್ರಬಂಧ ಬರೆದ. ಅವನು ಆಯ್ದುಕೊಂಡ ಜರ್ಮನ್ ಪದ ‘ಉನ್‌ಹೈಮ್ಲಿಖ್’. ಅದರ ಹೊಟ್ಟೆಯೊಳಗೇ ‘ಮನೆ’ ಇದೆ. ಪೂರ್ತಿ ಅಪರಿಚಿತವಾದದ್ದು ಬರೀ ಹೆದರಿಸುತ್ತದೆ. ಮನೆಯದೇ ಆದದ್ದು, ಮುಚ್ಚಿಟ್ಟದ್ದು, ಮರಳಿ ಎದುರು ನಿಂತಾಗ ಹುಟ್ಟುವ ಕಳವಳವೇ ಬೇರೆ ಎಂದ ಅವನು. ಅವನು ಉದಾಹರಿಸಿದ ಹಾಫ್‌ಮನ್ನನ ಕತೆಯಲ್ಲಿ ಯುವಕ ಪ್ರೀತಿಸಿದ ಹುಡುಗಿ ಯಂತ್ರದ ಗೊಂಬೆಯಾಗಿರುತ್ತಾಳೆ. ನಮ್ಮ ಗಿರೀಶ ಕಾರ್ನಾಡರ ‘ನಾಗಮಂಡಲ’ದಲ್ಲಿ ರಾಣಿಯ ಗಂಡನ ರೂಪದಲ್ಲೇ ರಾತ್ರಿ ಹಾವು ಬರುತ್ತದೆ.

ತುಳುನಾಡಿನಲ್ಲಿ ದೈವಕ್ಕೆ ಮನೆಯೊಳಗೇ ಕೋಣೆ ಇದೆ, ಮಲಗಲು ಮಂಚವಿದೆ. ಪಂಜುರ್ಲಿ, ಜುಮಾದಿ, ಕಲ್ಲುರ್ಟಿ ಎಲ್ಲರೂ ಕುಟುಂಬದವರೇ. ದೈವದ ಶಕ್ತಿಗೆ ನಾವು ಹೇಳುವ ಮಾತು ‘ಕಾರ್ಣಿಕ’. ಭಯ, ಭಕ್ತಿ, ನಂಬಿಕೆ ಒಟ್ಟಿಗೆ ಸೇರಿದ ಆ ಪದ ಫ್ರಾಯ್ಡನ ಪದಕ್ಕಿಂತ ದೊಡ್ಡದು ಎಂದೇ ನನ್ನ ಎಣಿಕೆ. ಫ್ರಾಯ್ಡ್ ಕಂಡದ್ದು ಓಡಿಹೋಗಬೇಕೆನ್ನಿಸುವ ಭಾವ. ನಾವು ಅದನ್ನೇ ದೀಪ ಹಚ್ಚಿ ಕರೆದು, ಜಾಗದ ತಕರಾರು, ಅಣ್ಣತಮ್ಮಂದಿರ ಮುನಿಸು ಮುಂದಿಟ್ಟು ನ್ಯಾಯ ಕೇಳುತ್ತೇವೆ.

ಮುಚ್ಚಿಟ್ಟದ್ದು ಹೊರಬರುವುದು ಇಲ್ಲಿಯೇ. ದೈವ ಕಟ್ಟುವವರು ನಲಿಕೆ, ಪರವ, ಪಂಬದ ಸಮುದಾಯದವರು. ತಲೆಮಾರುಗಳ ಕಾಲ ಅವರನ್ನು ಅಂಗಳದಾಚೆ ನಿಲ್ಲಿಸಿ ಏಕವಚನದಲ್ಲಿ ಕರೆದವರು, ಆ ಒಂದು ರಾತ್ರಿ ಅವರೆದುರು ಕೈಮುಗಿದು ತಲೆತಗ್ಗಿಸುತ್ತಾರೆ. ಅನ್ಯಾಯಕ್ಕೆ ಬಲಿಯಾಗಿ ಮಾಯವಾದವರೇ ದೈವವಾದ ಕತೆಗಳು ಪಾಡ್ದನಗಳಲ್ಲಿ ಎಷ್ಟೋ ಇವೆ. ಕಾರ್ಕಳದ ಬೃಹತ್ ಮೂರ್ತಿ ಕೆತ್ತಿದ ಕಲ್ಕುಡ ಕೈಕಾಲು ಕಡಿಸಿಕೊಂಡ, ಅವನ ತಂಗಿ ಕಲ್ಲುರ್ಟಿ ಸೇಡಿಗೆ ನಿಂತಳು. ಊರು ತಾನು ಮಾಡಿದ ತಪ್ಪಿನ ಮುಖವನ್ನೇ ಬಣ್ಣದಲ್ಲಿ ನೋಡುತ್ತದೆ.

ಮೆಕ್ಕೆಕಟ್ಟಿನ ಮರದ ದೈವಗಳು ದೆಹಲಿಯ ಕರಕುಶಲ ಸಂಗ್ರಹಾಲಯದಲ್ಲಿವೆ. ಅಪ್ಪಟ ಕಲಾಕೃತಿಗಳು, ನಿಜ. ಆದರೆ ಅಲ್ಲಿ ನಿಂತು ನೋಡುವವನಿಗೆ ‘ಊಟ ಆಯಿತಾ?’ ಎಂದು ಕೇಳಿದವರು ಯಾರೂ ಇಲ್ಲ.

2022ರಲ್ಲಿ ‘ಕಾಂತಾರ’ ಸಿನಿಮಾ ಬಂದ ಮೇಲೆ ದೈವದ ಕೂಗನ್ನು ಅಣಕಿಸುವ ರೀಲ್ಸ್‌ಗಳು ಹೆಚ್ಚಿದವು. ನೋಡುವಾಗ ಸಂಕಟವಾಗುತ್ತದೆ. ಆ ಕೂಗಿನ ಹಿಂದೆ ದಿನಗಟ್ಟಲೆ ವ್ರತವಿದೆ, ಒಂದು ಮನೆತನದ ನೋವಿದೆ.

ದೀಪಾವಳಿ ಕಳೆದರೆ ಮಳೆಗಾಲಕ್ಕೆ ಮುಂಚಿನ ಪತ್ತನಾಜೆಯವರೆಗೆ ಮಂಗಳೂರಿನ ಸುತ್ತಮುತ್ತ ಕೋಲಗಳು ನಡೆಯುತ್ತವೆ. ಹೋಗುವುದಾದರೆ ಬಣ್ಣ ಹಾಕುವ ಹೊತ್ತಿಗೇ ಹೋಗಿ, ಅವರ ಜೊತೆ ನಾಲ್ಕು ಮಾತಾಡಿ. ಗಗ್ಗರದ ಸದ್ದು ಕೇಳಿದ ಮೇಲೆ ಮೊಬೈಲ್ ಕಿಸೆಯಲ್ಲೇ ಇರಲಿ.