ಕಾನೂನು ಪದವಿಗೆ ಹತ್ತಿರದ ದಾರಿ, ಆದರೆ ಯಾರಿಗೆ?

ಪದವಿ ವ್ಯಾಸಂಗವನ್ನೂ ಕಾನೂನು ಶಿಕ್ಷಣವನ್ನೂ ಒಂದಾಗಿ ಬೆಸೆದು ವಿದ್ಯಾರ್ಥಿಗೆ ಒಂದು ವರ್ಷ ಉಳಿಸಿಕೊಡುವ ಆಲೋಚನೆ ನಮಗೆ ಹೊಸದಲ್ಲ. ಪ್ರೊ. ಎನ್.ಆರ್. ಮಾಧವ ಮೆನನ್ ಅವರ ನೇತೃತ್ವದಲ್ಲಿ ಬೆಂಗಳೂರಿನ ರಾಷ್ಟ್ರೀಯ ಕಾನೂನು ಶಾಲೆ 1988ರಲ್ಲಿ ಮೊದಲ ತಂಡವನ್ನು ಸೇರಿಸಿಕೊಂಡಾಗ ಐದು ವರ್ಷಗಳ ಸಂಯುಕ್ತ ವ್ಯಾಸಂಗಕ್ಕೆ ದೇಶದಲ್ಲೇ ಒಂದು ಮಾದರಿ ದೊರಕಿತು. ಪಿಯುಸಿ ಮುಗಿಸಿ ನೇರವಾಗಿ ಬಂದವರಿಗೆ ಐದು ವರ್ಷ, ಬಿ.ಎ. ಅಥವಾ ಬಿ.ಕಾಂ. ಮುಗಿಸಿ ಬಂದವರಿಗೆ ಮೂರು ಮತ್ತು ಮೂರು ಸೇರಿ ಆರು ವರ್ಷ. ಲೆಕ್ಕ ಇಷ್ಟೇ. ಆದರೆ ಈ ಒಂದು ವರ್ಷದ ಲಾಭ ಯಾರ ಪಾಲಿಗೆ ಸಂದಿತು, ಅದಕ್ಕೆ ತೆತ್ತ ಬೆಲೆಯೇನು ಎಂಬುದನ್ನು ನಾವು ಅಷ್ಟಾಗಿ ವಿಚಾರಿಸಿಲ್ಲ.

ಹದಿನೇಳನೆಯ ವಯಸ್ಸಿನಲ್ಲೇ ವಕೀಲನಾಗಬೇಕೆಂದು ನಿಶ್ಚಯಿಸಿ, 2008ರಲ್ಲಿ ಆರಂಭವಾದ 'ಕ್ಲಾಟ್' ಪ್ರವೇಶ ಪರೀಕ್ಷೆಗೆ ತರಬೇತಿ ಪಡೆದು, ಇಂಗ್ಲಿಷಿನಲ್ಲಿ ಉತ್ತರಿಸಬಲ್ಲ ಮಗು ಸಾಮಾನ್ಯವಾಗಿ ನಗರದ್ದು. ತಾಲ್ಲೂಕು ಕೇಂದ್ರದ ಸರ್ಕಾರಿ ಕಾಲೇಜಿನ ಹುಡುಗನಿಗೆ ಕಾನೂನಿನಲ್ಲಿ ಆಸಕ್ತಿ ಮೂಡುವುದು ಬಿ.ಎ. ಎರಡನೆಯ ವರ್ಷದಲ್ಲಿ; ಅದೂ ಮನೆಯ ಜಮೀನಿನ ವ್ಯಾಜ್ಯವೊಂದು ನ್ಯಾಯಾಲಯ ಹತ್ತಿದ ಮೇಲೆ. ಉಪವಿಭಾಗಾಧಿಕಾರಿಯಾಗಿ ಕಂದಾಯ ಮೇಲ್ಮನವಿಗಳನ್ನು ಆಲಿಸುತ್ತಿದ್ದ ವರ್ಷಗಳಲ್ಲಿ ಇಂಥವರನ್ನು ನಾನು ಬಹಳ ಕಂಡಿದ್ದೇನೆ. ಪಹಣಿಯ ಒಂಬತ್ತನೆಯ ಕಲಮನ್ನೂ ಹನ್ನೆರಡನೆಯ ಕಲಮನ್ನೂ ಅವರಿಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ತಡವಾಗಿ ಬಂದವರು ಎಂಬ ಕಾರಣಕ್ಕೆ ಅವರು ಕಡಿಮೆಯವರಾಗಿರಲಿಲ್ಲ. 2022ರಲ್ಲಿ ಅದೇ ರಾಷ್ಟ್ರೀಯ ಕಾನೂನು ಶಾಲೆ ಪದವೀಧರರಿಗಾಗಿ ಮೂರು ವರ್ಷಗಳ ಎಲ್‌ಎಲ್‌.ಬಿ. ತೆರೆದದ್ದು ಗಮನಾರ್ಹ.

ಅಮೆರಿಕದಲ್ಲಿ ಕಾನೂನು ಶಾಲೆ ಸೇರಲು ಮೊದಲು ನಾಲ್ಕು ವರ್ಷಗಳ ಪದವಿ ಬೇಕು, ಬಳಿಕ ಮೂರು ವರ್ಷ. ಆದರೆ ಪದವಿಯ ಮುಕ್ಕಾಲು ಭಾಗ ಮುಗಿಸಿದವರನ್ನೂ ಸೇರಿಸಿಕೊಳ್ಳಲು ಅಲ್ಲಿನ ವಕೀಲರ ಸಂಘದ ಮಾನದಂಡಗಳು ಅವಕಾಶ ನೀಡುತ್ತವೆ. ಈ ಕಿಂಡಿಯನ್ನೇ ಬಳಸಿ ಅನೇಕ ವಿಶ್ವವಿದ್ಯಾಲಯಗಳು 'ಮೂರು-ಮೂರು' ಎಂಬ ವ್ಯವಸ್ಥೆ ಮಾಡಿಕೊಂಡಿವೆ. ಕಾನೂನು ಶಾಲೆಯ ಮೊದಲ ವರ್ಷವೇ ಪದವಿಯ ನಾಲ್ಕನೆಯ ವರ್ಷವೆಂದೂ ಲೆಕ್ಕಕ್ಕೆ ಬರುತ್ತದೆ; ಏಳು ವರ್ಷ ಆರಾಗುತ್ತದೆ. ಶಿಕ್ಷಣ ಸಾಲ ಹೊತ್ತ ಅಲ್ಲಿನ ವಿದ್ಯಾರ್ಥಿಗೆ ಇದು ಸಣ್ಣ ಸಂಗತಿಯಲ್ಲ. 2013ರಲ್ಲಿ ಅಧ್ಯಕ್ಷ ಒಬಾಮ ಅವರೇ ಕಾನೂನು ಶಿಕ್ಷಣಕ್ಕೆ ಎರಡು ವರ್ಷ ಸಾಕೆಂಬ ಅಭಿಪ್ರಾಯ ವ್ಯಕ್ತಪಡಿಸಿದ್ದರು. ನನಗೆ ಮುಖ್ಯವೆನಿಸುವುದು ಈ ಅವಸರವಲ್ಲ. ನಾಲ್ಕನೆಯ ವರ್ಷದ ಕೊನೆಯಲ್ಲಿ ವಿದ್ಯಾರ್ಥಿಯ ಕೈಗೆ ಒಂದು ಪದವಿ ಬಂದಿರುತ್ತದೆ. ಮುಂದೆ ಕಾನೂನು ಒಗ್ಗದಿದ್ದರೂ ಅವನು ಬರಿಗೈಯಲ್ಲಿ ಹೊರಬೀಳುವುದಿಲ್ಲ.

ನಮ್ಮಲ್ಲಿ ಹಾಗಿಲ್ಲ. ಭಾರತೀಯ ವಕೀಲರ ಪರಿಷತ್ತಿನ 2008ರ ಕಾನೂನು ಶಿಕ್ಷಣ ನಿಯಮಗಳಲ್ಲಿ ಹದಿಮೂರನೆಯದು ಸಂಯುಕ್ತ ವ್ಯಾಸಂಗಕ್ಕೆ ನಡುವೆ ಪ್ರವೇಶವನ್ನೂ, ನಡುವೆ ಪದವಿ ಪಡೆದು ನಿರ್ಗಮಿಸುವುದನ್ನೂ ನಿಷೇಧಿಸುತ್ತದೆ. ಎರಡು ಬಾಗಿಲಿಗೂ ಒಂದೇ ಬೀಗ. ನನ್ನ ಕಚೇರಿಯಲ್ಲಿದ್ದ ನಿವೃತ್ತ ಗುಮಾಸ್ತರೊಬ್ಬರ ಮಗಳು ಮೂರು ವರ್ಷ ಓದಿ, ತಂದೆಗೆ ಪಾರ್ಶ್ವವಾಯು ಬಡಿದಾಗ ಕಾಲೇಜು ಬಿಟ್ಟಳು. ಅರ್ಥಶಾಸ್ತ್ರ, ರಾಜ್ಯಶಾಸ್ತ್ರ ಎಲ್ಲವನ್ನೂ ಪಾಸು ಮಾಡಿದ ಆರು ಸೆಮಿಸ್ಟರಿನ ಅಂಕಪಟ್ಟಿಗಳು ಆಕೆಯ ಬಳಿ ಇವೆ. ಪ್ರಥಮ ದರ್ಜೆ ಸಹಾಯಕಿಯ ಹುದ್ದೆಗೆ ಅರ್ಜಿ ಹಾಕಲು ಪದವಿ ಬೇಕು. ಆಕೆಗೆ ಇರುವುದು ಪಿಯುಸಿ ಮಾತ್ರ. ಜೊತೆಯಲ್ಲಿ ಬಿ.ಎ. ಸೇರಿದ ಗೆಳತಿ ಅಷ್ಟೇ ಅವಧಿಯಲ್ಲಿ ಪದವೀಧರೆ.

ಪಿಯುಸಿ ಆದವರಿಗೆ ಮೂರೇ ವರ್ಷದಲ್ಲಿ ಕಾನೂನು ಪದವಿ ಕೊಡಬೇಕೆಂಬ ಅರ್ಜಿಯನ್ನು 2024ರ ಏಪ್ರಿಲ್‌ನಲ್ಲಿ ಸರ್ವೋಚ್ಚ ನ್ಯಾಯಾಲಯ ಪರಿಗಣಿಸಲು ಒಪ್ಪಲಿಲ್ಲ. ಅದು ಸರಿಯಾದ ನಿಲುವೇ. ಓದಿನ ಅವಧಿಯನ್ನು ಕತ್ತರಿಸುವುದು ಬೇರೆ, ಒಂದೇ ಪಾಠವನ್ನು ಎರಡು ಸಲ ಓದಿಸದಿರುವುದು ಬೇರೆ. ನಾನು ಕೇಳುತ್ತಿರುವುದು ಎರಡನೆಯದನ್ನು. ಬಿ.ಎ. ಅಂತಿಮ ವರ್ಷದಲ್ಲಿ ಸಂವಿಧಾನ, ಕರಾರು ಕಾಯ್ದೆಯಂಥ ವಿಷಯಗಳನ್ನು ಕಾನೂನು ಕಾಲೇಜಿನ ಮಟ್ಟದಲ್ಲೇ ಓದಿದವರಿಗೆ ಎಲ್‌ಎಲ್‌.ಬಿ.ಯಲ್ಲಿ ಅದರ ಜಮೆ ಸಿಗಲಿ. ಹಾಗಾದರೆ ತಾಲ್ಲೂಕಿನ ಹುಡುಗನೂ ಐದು ವರ್ಷದಲ್ಲೇ ವಕೀಲನಾದಾನು. ಪಾಠ ಹೇಳುವವರು ಎಲ್ಲಿದ್ದಾರೆ ಎಂಬ ಆಕ್ಷೇಪ ಬರುತ್ತದೆ, ಅದು ನ್ಯಾಯವಾದುದೇ. ಪದವಿ ಕಾಲೇಜೂ ಕಾನೂನು ಕಾಲೇಜೂ ಒಂದೇ ಆಡಳಿತ ಮಂಡಳಿಯ ಕೆಳಗೆ, ಒಂದೇ ಆವರಣದಲ್ಲಿರುವ ಊರುಗಳಿಂದ ಮೊದಲು ಆರಂಭಿಸಬಹುದು.

ಇನ್ನು ಉಳಿದ ವರ್ಷದ ಬೆಲೆ. ಅರ್ಥಶಾಸ್ತ್ರದ ವಿದ್ಯಾರ್ಥಿಯಾಗಿ ನನಗೆ ಇಲ್ಲಿ ಸ್ವಲ್ಪ ಸಂಶಯವಿದೆ. ಒಂದು ವರ್ಷ ಮೊದಲು ದುಡಿಮೆಗೆ ಇಳಿಯುವುದು ಲಾಭ, ದುಡಿಮೆಗೆ ಸಂಬಳವಿದ್ದರೆ. ಕಿರಿಯ ವಕೀಲರಿಗೆ ನಗರಗಳಲ್ಲಿ ತಿಂಗಳಿಗೆ 20,000, ಗ್ರಾಮೀಣ ಭಾಗದಲ್ಲಿ 15,000 ರೂಪಾಯಿ ಕೊಡಿ ಎಂದು ಪರಿಷತ್ತು 2024ರ ಅಕ್ಟೋಬರ್‌ನಲ್ಲಿ ಸಲಹೆ ಮಾಡಿತು; ಸಲಹೆಯಷ್ಟೇ. ನ್ಯಾಯಾಧೀಶರ ಹುದ್ದೆಯತ್ತ ನೋಡುವವರಿಗೆ ಬೇರೊಂದು ತಡೆಯಿದೆ. ನಮ್ಮವರೇ ಆದ ನ್ಯಾಯಮೂರ್ತಿ ಕೆ. ಜಗನ್ನಾಥ ಶೆಟ್ಟಿ ಅವರ ಆಯೋಗದ ಶಿಫಾರಸನ್ನು ಒಪ್ಪಿ, ಹೊಸ ಪದವೀಧರರೂ ಸಿವಿಲ್ ನ್ಯಾಯಾಧೀಶರ ಪರೀಕ್ಷೆ ಬರೆಯಬಹುದೆಂದು ಸರ್ವೋಚ್ಚ ನ್ಯಾಯಾಲಯ 2002ರಲ್ಲಿ ಹೇಳಿತ್ತು. 2025ರ ಮೇ 20ರಂದು ಅದೇ ನ್ಯಾಯಾಲಯ ಮೂರು ವರ್ಷಗಳ ವಕೀಲಿ ಅನುಭವವನ್ನು ಮತ್ತೆ ಕಡ್ಡಾಯಗೊಳಿಸಿತು. ಒಂದು ಕೈ ಉಳಿಸಿದ ವರ್ಷವನ್ನು ಇನ್ನೊಂದು ಕೈ ಮೂರರಷ್ಟು ಮಾಡಿ ವಸೂಲು ಮಾಡಿದಂತಾಯಿತು. ಅನುಭವ ಬೇಡವೆನ್ನಲಾರೆ, ಆ ಮೂರು ವರ್ಷ ಹೊಟ್ಟೆಗೇನು ಎಂಬ ಪ್ರಶ್ನೆಗೆ ಮಾತ್ರ ಉತ್ತರ ಬೇಕು.

ಇವೆಲ್ಲಕ್ಕೂ ಕಾಲ ಹಿಡಿಯಬಹುದು. ಆದರೆ ಹದಿಮೂರನೆಯ ನಿಯಮದಲ್ಲಿ, ಮೂರು ವರ್ಷ ತೇರ್ಗಡೆಯಾದವರಿಗೆ ಬಿ.ಎ. ಕೊಡಬಹುದು ಎಂಬ ಒಂದು ಸಾಲು ಸೇರಿಸಲು ಹೊಸ ಕಟ್ಟಡವಾಗಲೀ ಅನುದಾನವಾಗಲೀ ಬೇಕಿಲ್ಲ. ಆ ಗುಮಾಸ್ತರ ಮಗಳು ಈಗ ದೂರಶಿಕ್ಷಣದಲ್ಲಿ ಬಿ.ಎ. ಮೊದಲ ವರ್ಷಕ್ಕೆ ಹೆಸರು ನೋಂದಾಯಿಸಿದ್ದಾಳೆ. ವಿಷಯಗಳು ಅವೇ, ಅರ್ಥಶಾಸ್ತ್ರ ಮತ್ತು ರಾಜ್ಯಶಾಸ್ತ್ರ.