ಬಾಡುವ ಠೇವಣಿಯ ಬ್ಯಾಂಕು

ಬ್ಯಾಂಕಿನಲ್ಲಿಟ್ಟ ಹಣ ದಿನ ಕಳೆದಂತೆ ಅಷ್ಟಿಷ್ಟಾದರೂ ಬೆಳೆಯುತ್ತದೆ. ಆದರೆ ಬೆಳಿಗ್ಗೆ ಇಟ್ಟ ಠೇವಣಿ ಸಂಜೆಯ ಹೊತ್ತಿಗೆ ಬಾಡತೊಡಗುವ ಬ್ಯಾಂಕುಗಳೂ ಇವೆ. ಅಲ್ಲಿ ಜಮೆಯಾಗುವುದು ಸೊಪ್ಪು, ಟೊಮೆಟೊ, ಹಾಲು, ಮೊಟ್ಟೆ. ತೋಟ, ಕಾರ್ಖಾನೆ, ಅಂಗಡಿಗಳಲ್ಲಿ ಮಾರಾಟವಾಗದೆ ಉಳಿದ ಒಳ್ಳೆಯ ಆಹಾರವನ್ನು ದಾನವಾಗಿ ಪಡೆದು ಬಡವರಿಗೆ ತಲುಪಿಸುವ ಈ ಸಂಸ್ಥೆಗಳಿಗೆ ಆಹಾರ ಬ್ಯಾಂಕುಗಳೆಂದು ಹೆಸರು.

ಇಂಥ ಮೊದಲ ಬ್ಯಾಂಕು ಹುಟ್ಟಿದ್ದು 1967ರಲ್ಲಿ, ಅಮೆರಿಕದ ಅರಿಜೋನಾ ರಾಜ್ಯದ ಫೀನಿಕ್ಸ್ ನಗರದಲ್ಲಿ. ಜಾನ್ ವಾನ್ ಹೆಂಗೆಲ್ ಎಂಬಾತ ಅಲ್ಲಿನ ಒಂದು ಗಂಜಿ ಕೇಂದ್ರದಲ್ಲಿ ಸ್ವಯಂಸೇವಕನಾಗಿದ್ದ. ಕೀಳುವವರಿಲ್ಲದೆ ಮರದಲ್ಲೇ ಉಳಿದ ಕಿತ್ತಳೆ ಜಾತಿಯ ಹಣ್ಣುಗಳನ್ನು ಕಿತ್ತು ತಂದು ಹಂಚುತ್ತಿದ್ದ. ಅಂಗಡಿಗಳ ಹಿಂದಿನ ಕಸದ ತೊಟ್ಟಿಯಲ್ಲಿ ಸಿಕ್ಕ ಆಹಾರದಿಂದಲೇ ಹತ್ತು ಮಕ್ಕಳನ್ನು ಸಾಕುತ್ತಿದ್ದ ತಾಯಿಯೊಬ್ಬಳು, ಹಣಕ್ಕಿರುವಂತೆ ಆಹಾರಕ್ಕೂ ಒಂದು ಬ್ಯಾಂಕಿರಬೇಕು ಎಂದು ಆತನಿಗೆ ಸೂಚಿಸಿದಳಂತೆ. ಸೇಂಟ್ ಮೇರೀಸ್ ಚರ್ಚಿನ ನೆರವಿನಿಂದ ಬ್ಯಾಂಕು ಆರಂಭವಾಯಿತು. ಇಂದು 'ಫೀಡಿಂಗ್ ಅಮೆರಿಕ' ಎಂಬ ಒಂದೇ ಜಾಲದಲ್ಲಿ ಸುಮಾರು 200 ಬ್ಯಾಂಕುಗಳಿವೆ.

ಮೊದಲ ಬ್ಯಾಂಕಿನ ಬೇರು ತಾಜಾ ಹಣ್ಣಿನಲ್ಲಿದ್ದರೂ ಇಂಥ ಬ್ಯಾಂಕುಗಳ ಕಪಾಟುಗಳಲ್ಲಿ ಬಹುಕಾಲ ಮೆರೆದದ್ದು ಡಬ್ಬಿಗಳು ಮತ್ತು ಒಣ ಪೊಟ್ಟಣಗಳು. ಇದಕ್ಕೆ ದಾನಿಗಳ ಜಿಪುಣತನವನ್ನು ದೂರಿ ಫಲವಿಲ್ಲ. ಕಾರಣ ಜೀವವಿಜ್ಞಾನದಲ್ಲಿದೆ.

ಕಿತ್ತ ತರಕಾರಿ ಸತ್ತಿರುವುದಿಲ್ಲ. ಅದು ಉಸಿರಾಡುತ್ತಲೇ ಇರುತ್ತದೆ. ತನ್ನಲ್ಲಿರುವ ಸಕ್ಕರೆಯನ್ನು ಆಮ್ಲಜನಕದೊಂದಿಗೆ ಉರಿಸಿ ಇಂಗಾಲದ ಡೈ ಆಕ್ಸೈಡ್, ನೀರು ಮತ್ತು ಶಾಖವನ್ನು ಹೊರಬಿಡುತ್ತದೆ. ಗಿಡದಲ್ಲಿದ್ದಾಗ ಖರ್ಚಾದ ಸಕ್ಕರೆ ಮತ್ತೆ ಬರುತ್ತಿತ್ತು. ಈಗ ಬರೀ ಖರ್ಚು. ಉಷ್ಣತೆ 10 ಡಿಗ್ರಿ ಸೆಲ್ಸಿಯಸ್ ಏರಿದರೆ ಈ ಉಸಿರಾಟದ ವೇಗ ಸುಮಾರು ಎರಡರಿಂದ ಮೂರು ಪಟ್ಟಾಗುತ್ತದೆ. ಆಲೂಗಡ್ಡೆ, ಈರುಳ್ಳಿಗಳದು ನಿಧಾನದ ಉಸಿರು. ಪಾಲಕ್, ಹಸಿ ಬಟಾಣಿ, ಎಳೆ ಮುಸುಕಿನ ಜೋಳಗಳದು ಏದುಸಿರು. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ಫೀನಿಕ್ಸಿನಂಥ ಊರಿನಲ್ಲಿ ಶೀತಲ ವ್ಯವಸ್ಥೆಯಿಲ್ಲದ ಲಾರಿಯಲ್ಲಿ ಸೊಪ್ಪು ಹೊತ್ತು ಹೊರಟರೆ ತಲುಪುವ ಹೊತ್ತಿಗೆ ಏನು ಉಳಿದೀತು? ಅದರ 'ಸಿ' ಜೀವಸತ್ವವಂತೂ ಎಲೆ ಬಾಡುವುದರೊಂದಿಗೇ ಇಳಿಯುತ್ತಾ ಹೋಗುತ್ತದೆ.

ಎಲ್ಲವನ್ನೂ ತಣ್ಣಗಿಟ್ಟರಾಯಿತು ಎನ್ನುವಂತೆಯೂ ಇಲ್ಲ. ಬಾಳೆಹಣ್ಣನ್ನು 13 ಡಿಗ್ರಿಗಿಂತ ಕೆಳಗಿಟ್ಟರೆ ಸಿಪ್ಪೆ ಕಪ್ಪಾಗುತ್ತದೆ. ಮಾಗಿದ ಹಣ್ಣುಗಳು ಸೂಸುವ ಎಥಿಲೀನ್ ಅನಿಲ ಪಕ್ಕದ ಸೊಪ್ಪನ್ನು ಹಳದಿಯಾಗಿಸುತ್ತದೆ. ಮಾವಿನಕಾಯನ್ನು ಹುಲ್ಲಿನಲ್ಲಿ ಮುಚ್ಚಿ ಹಣ್ಣಿಗಿಡುವ ನಮ್ಮ ಮನೆಗಳಲ್ಲಿ ಕೆಲಸ ಮಾಡುವುದೂ ಇದೇ ಅನಿಲ. ವಿದ್ಯಾರ್ಥಿಗಳು ಒಂದು ಕಾಯನ್ನು ಬಾಳೆಹಣ್ಣಿನೊಂದಿಗೆ ಕಾಗದದ ಚೀಲದಲ್ಲಿಟ್ಟು, ಇನ್ನೊಂದನ್ನು ಒಂಟಿಯಾಗಿಟ್ಟು ಹೋಲಿಸಿ ನೋಡಬಹುದು. ಹೀಗಾಗಿ ಆಹಾರ ಬ್ಯಾಂಕಿಗೆ ಬೇಕಾದದ್ದು ಒಂದು ಶೀತಲ ಕೋಣೆಯಲ್ಲ, ಬೇರೆ ಬೇರೆ ಉಷ್ಣತೆಯ ಹಲವು ಕೋಣೆಗಳು. ಅದಕ್ಕೆ ಹಣ ಬೇಕು, ವಿದ್ಯುತ್ತು ಬೇಕು. ಬೀನ್ಸ್ ಡಬ್ಬಿಗೆ ಇದಾವುದೂ ಬೇಡ.

ಈ ವ್ಯತ್ಯಾಸ ಎಷ್ಟು ದೊಡ್ಡದೆಂಬುದು 2005ರಲ್ಲಿ ಅಂಕಿಗಳಲ್ಲೇ ಕಾಣಿಸಿತು. ಅದುವರೆಗೆ ಆ ಜಾಲದ ಕೇಂದ್ರ ಕಚೇರಿ ದಾನದ ಲಾರಿಗಳನ್ನು ಸರದಿಯ ಪ್ರಕಾರ ಹಂಚುತ್ತಿತ್ತು. ಯಾವ ಊರಿನಲ್ಲಿ ಆಗಲೇ ಏನು ತುಂಬಿದೆ ಎಂಬುದು ಅದಕ್ಕೆ ಸರಿಯಾಗಿ ತಿಳಿಯುತ್ತಿರಲಿಲ್ಲ. ಷಿಕಾಗೊ ವಿಶ್ವವಿದ್ಯಾಲಯದ ಅರ್ಥಶಾಸ್ತ್ರಜ್ಞರ ನೆರವಿನಿಂದ ಹೊಸ ಪದ್ಧತಿ ಬಂತು. ಪ್ರತಿ ಬ್ಯಾಂಕಿಗೂ ಅದರ ಪ್ರದೇಶದ ಬಡವರ ಸಂಖ್ಯೆಗೆ ತಕ್ಕಂತೆ 'ಷೇರು'ಗಳೆಂಬ ಆಟದ ಹಣ. ಆ ಹಣದಲ್ಲಿ ಲಾರಿ ಲೋಡುಗಳಿಗೆ ಹರಾಜು ಕೂಗಬೇಕು. ಹರಾಜಿನಲ್ಲಿ ಒಣ ಧಾನ್ಯದ ತಿನಿಸು, ಪಾಸ್ತಾಗಳ ಬೆಲೆ ಗಗನಕ್ಕೇರಿತು. ತಾಜಾ ತರಕಾರಿಯ ಬೆಲೆ ಹೆಚ್ಚುಕಡಿಮೆ ಸೊನ್ನೆ! ಕೆಲವು ಲೋಡುಗಳಿಗೆ ಬೆಲೆ ಸೊನ್ನೆಗಿಂತಲೂ ಕೆಳಗಿಳಿಯಲು ಅವಕಾಶವಿತ್ತು. ಅಂದರೆ ಒಯ್ದವರಿಗೇ ಷೇರು ಸಿಗುತ್ತಿತ್ತು.

ತರಕಾರಿ ಬೇಡವೆಂದಲ್ಲ. ಬಡವರ ತಟ್ಟೆಯಲ್ಲಿ ಕೊರತೆಯಿರುವುದೇ ಹಣ್ಣು, ತರಕಾರಿ, ಹಾಲು. ಆದರೆ ಹತ್ತಿರದಲ್ಲೇ ಒಂದಿಷ್ಟು ತರಕಾರಿ ಸಿಗುವಾಗ, ಎರಡೇ ದಿನದಲ್ಲಿ ಹಂಚಿ ಮುಗಿಸಬೇಕಾದ ಇಡೀ ಲಾರಿಯನ್ನು ದೂರದಿಂದ ತರಿಸಲು ಯಾರು ಮುಂದಾಗುತ್ತಾರೆ? ಈ ಪದ್ಧತಿಯ ಒಂದು ಗುಣವನ್ನು ಮಾತ್ರ ಮೆಚ್ಚಬೇಕು. ಶೈತ್ಯಾಗಾರವಿದ್ದ ಬ್ಯಾಂಕುಗಳು ತರಕಾರಿಯನ್ನು ಅಗ್ಗವಾಗಿ, ರಾಶಿಯಾಗಿ ಪಡೆಯುವಂತಾಯಿತು.

ದಾನಿಗಳ ಭಯ ಬೇರೆ ಬಗೆಯದು. ಕೊಟ್ಟ ಹಾಲು ಕುಡಿದು ಯಾರಿಗಾದರೂ ಹೊಟ್ಟೆ ಕೆಟ್ಟರೆ ಕೋರ್ಟು ಹತ್ತಬೇಕಾದೀತಲ್ಲ! ಈ ಭಯ ನೀಗಲು ಅಮೆರಿಕದಲ್ಲಿ 1996ರಲ್ಲಿ ಬಿಲ್ ಎಮರ್ಸನ್ ಹೆಸರಿನ ಕಾಯಿದೆ ಬಂತು. ಸದುದ್ದೇಶದಿಂದ ಆಹಾರ ಕೊಟ್ಟವರು, ಘೋರ ನಿರ್ಲಕ್ಷ್ಯ ತೋರದಿದ್ದರೆ, ಹೊಣೆಗಾರರಲ್ಲ. ನಮ್ಮಲ್ಲಿ ಭಾರತೀಯ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಪ್ರಾಧಿಕಾರವು ಹೆಚ್ಚುವರಿ ಆಹಾರದ ಸಂಗ್ರಹ, ವಿತರಣೆಗೆ 2019ರಲ್ಲಿ ನಿಯಮಾವಳಿ ತಂದಿತು.

ನಮ್ಮ ಮಾತು ಬಂದಾಗ ಸಮಸ್ಯೆಯ ಸ್ವರೂಪವೇ ಬೇರೆ. ಇಲ್ಲಿ ಕಣ್ಣಿಗೆ ಬೀಳುವ ಹೆಚ್ಚುವರಿ ಎಂದರೆ ಮದುವೆ ಛತ್ರ, ಹೋಟೆಲುಗಳಲ್ಲಿ ಉಳಿದ ಅಡುಗೆ. 2014ರಲ್ಲಿ ದೆಹಲಿಯಲ್ಲಿ ಆರಂಭವಾದ ರಾಬಿನ್ ಹುಡ್ ಆರ್ಮಿಯಂಥ ಸ್ವಯಂಸೇವಕರ ಬಳಗಗಳು ಇಂಥ ಆಹಾರವನ್ನೇ ಹಂಚುತ್ತಿವೆ. ಬೇಯಿಸಿದ ಆಹಾರಕ್ಕೆ ತರಕಾರಿಗಿರುವಷ್ಟು ವ್ಯವಧಾನವೂ ಇಲ್ಲ. ಸುಮಾರು 5ರಿಂದ 60 ಡಿಗ್ರಿಯವರೆಗಿನ ಉಷ್ಣತೆ ಬ್ಯಾಕ್ಟೀರಿಯಾಗಳಿಗೆ ಹಬ್ಬ. ಎಲ್ಲವೂ ಅನುಕೂಲವಾಗಿದ್ದರೆ ಕೆಲವು ಬಗೆಯವು 20 ನಿಮಿಷಕ್ಕೊಮ್ಮೆ ಇಮ್ಮಡಿಯಾಗುತ್ತವೆ. ಲೆಕ್ಕ ಹಾಕಿ: ಒಂದು ಗಂಟೆಗೆ ಒಂದು 8 ಆಗುತ್ತದೆ, ನಾಲ್ಕು ಗಂಟೆಗೆ 4096.

ಅನ್ನದ ವಿಷಯದಲ್ಲಿ ಇನ್ನೊಂದು ಅಪಾಯವಿದೆ. ಬ್ಯಾಸಿಲಸ್ ಸೀರಿಯಸ್ ಎಂಬ ಬ್ಯಾಕ್ಟೀರಿಯಾದ ಬೀಜಾಣುಗಳು ಅಕ್ಕಿ ಬೆಂದರೂ ಸಾಯುವುದಿಲ್ಲ. ಅನ್ನ ಉಗುರುಬೆಚ್ಚಗೆ ಕುಳಿತಿರುವಾಗ ಅವು ಮೊಳೆತು ವಿಷವನ್ನು ಉಂಟುಮಾಡಬಲ್ಲವು. ವಾಂತಿ ತರಿಸುವ ಆ ವಿಷ ಮತ್ತೆ ಕುದಿಸಿದರೂ ಹೋಗದು. 'ಇನ್ನೊಮ್ಮೆ ಬಿಸಿ ಮಾಡಿದರೆ ಆಯಿತು' ಎನ್ನುವವರು ಇದನ್ನು ತಿಳಿಯಬೇಕು. ಅರೆಹೊಟ್ಟೆಯ ಮಗು ಇಂಥ ಅನ್ನ ತಿಂದು ವಾಂತಿಭೇದಿಗೆ ತುತ್ತಾದರೆ ತಡೆದುಕೊಳ್ಳುವ ಶಕ್ತಿ ಅದಕ್ಕಿರುವುದಿಲ್ಲ.

ಹಾಗೆಂದು ಉಳಿದದ್ದನ್ನೆಲ್ಲ ತಿಪ್ಪೆಗೆ ಸುರಿಯಬೇಕೆ? ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮದ 2024ರ ವರದಿಯಂತೆ 2022ರಲ್ಲಿ ಜಗತ್ತಿನ ಮನೆ, ಹೋಟೆಲು, ಅಂಗಡಿಗಳಲ್ಲಿ ವ್ಯರ್ಥವಾದ ಆಹಾರ ಸುಮಾರು 105 ಕೋಟಿ ಟನ್. ದೊಡ್ಡ ಕೊಪ್ಪರಿಗೆಯ ನಡುಭಾಗ ಗಂಟೆಗಟ್ಟಲೆ ತಣಿಯುವುದಿಲ್ಲ. ಅದೇ ಅನ್ನವನ್ನು ಅಗಲವಾದ, ಆಳವಿಲ್ಲದ ಪಾತ್ರೆಗಳಲ್ಲಿ ತೆಳುವಾಗಿ ಹರಡಿದರೆ ಬೇಗ ತಣಿಯುತ್ತದೆ, ಆಮೇಲೆ ಫ್ರಿಜ್ಜಿಗೆ ಸೇರಿಸಬಹುದು. ಇಲ್ಲವೇ ಹಂಚುವವರೆಗೂ 60 ಡಿಗ್ರಿಗಿಂತ ಬಿಸಿಯಾಗಿಯೇ ಇಡಬೇಕು. ಎಲೆಯಲ್ಲಿ ಬಡಿಸಿದ್ದನ್ನು ಕೊಡುವ ಮಾತೇ ಇಲ್ಲ. ಹಂಚುವವರಿಗೆ ಫೋನು ಹೋಗಬೇಕಾದದ್ದು ಕೊನೆಯ ಪಂಕ್ತಿ ಏಳುವ ಮೊದಲೇ. ಸಂಜೆ ಆರಕ್ಕೆ ಬಂದ ವ್ಯಾನಿಗೆ ಮಧ್ಯಾಹ್ನದ ಛತ್ರದಿಂದ ಧೈರ್ಯವಾಗಿ ಕೊಡಬಹುದಾದದ್ದು ಲಾಡು ಮತ್ತು ಉಪ್ಪಿನಕಾಯಿ ಮಾತ್ರ.